ಕಣ್ಣೀರಿನ ಪದರ ಎಷ್ಟು ಸೆಕೆಂಡ್ ನಿಲ್ಲುತ್ತದೆ: ಇರುವ ಸಾಮಾನಿನಲ್ಲೇ ಸರಿಯಾಗಿ ಅಳೆಯುವುದು

"ಕಣ್ಣಾಗ ಉಸುಕು ಬಿದ್ದಂಗ ಆಗ್ತೈತ್ರಿ" ಅಂತಾರೆ. ಅದೇ ಉಸಿರಲ್ಲಿ "ನೀರೂ ಸುರೀತಾವ್ರಿ" ಅಂತಾರೆ. ಹುಬ್ಬಳ್ಳಿಯ ನಮ್ಮ ಕಣ್ಣಾಸ್ಪತ್ರೆಯ ಓಪಿಡಿಯಲ್ಲಿ ಈ ಎರಡು ಮಾತನ್ನು ಒಟ್ಟಿಗೆ ಕೇಳದ ದಿನವೇ ಇಲ್ಲ. ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ನೀರು ಸುರಿಯುತ್ತಿದೆ ಅಂದ ಮೇಲೆ ಡ್ರೈ ಐ, ಅಂದರೆ ಕಣ್ಣು ಒಣಗುವ ಕಾಯಿಲೆ, ಹೇಗಾಗುತ್ತೆ ಅಂತ ಕೇಳುತ್ತಾರೆ.

ಕಣ್ಣಲ್ಲಿ ನೀರು ಎಷ್ಟಿದೆ ಅನ್ನುವುದು ಒಂದು ಲೆಕ್ಕ. ಆ ನೀರು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲೆ ಪದರವಾಗಿ, ಒಂದೇ ಸಮನಾಗಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಬೇರೆ ಲೆಕ್ಕ. ಪದರ ಬೇಗ ಒಡೆದರೆ ಕಾರ್ನಿಯಾದ ನರಗಳಿಗೆ ಉರಿ ತಾಗುತ್ತದೆ. ಆಗ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕೆನ್ನೆಗೆ ಇಳಿಯುತ್ತದೆ, ಪದರ ಮಾತ್ರ ಮತ್ತೆ ಒಡೆಯುತ್ತದೆ. ಇಂಥವರಿಗೆ ಶಿರ್ಮರ್ ಪಟ್ಟಿ, ಅಂದರೆ ಕಣ್ಣೀರು ಎಷ್ಟಿದೆ ಎಂದು ಅಳೆಯುವ ಕಾಗದದ ಪಟ್ಟಿ, ಹಾಕಿದರೆ ಎಲ್ಲ ಸರಿ ಇದೆ ಅಂತ ಬರಬಹುದು. 2017ರಲ್ಲಿ ಬಂದ, ಅಂತರರಾಷ್ಟ್ರೀಯ ತಜ್ಞರು ಸೇರಿ ಬರೆದ ಟಿಎಫ್‌ಓಎಸ್ ಡ್ಯೂಸ್ 2 ವರದಿ ಡ್ರೈ ಐ ಅಂದರೇನು ಎಂದು ಹೇಳುವಾಗಲೇ ಪದರದ ಈ ಅಸ್ಥಿರತೆಯನ್ನು ಸೇರಿಸಿತು. ಏಷ್ಯಾ ಡ್ರೈ ಐ ಸೊಸೈಟಿ ಇನ್ನೂ ನೇರವಾಗಿ ಹೇಳುತ್ತದೆ: ತೊಂದರೆ ಇದ್ದು, ಪದರ 5 ಸೆಕೆಂಡ್ ಅಥವಾ ಅದಕ್ಕೂ ಮೊದಲು ಒಡೆದರೆ ಅದು ಡ್ರೈ ಐ.

ತಾಲ್ಲೂಕಿನ ವಿಷನ್ ಸೆಂಟರ್‌ಗಳಲ್ಲಿ ಒಬ್ಬರೇ ಕೂತು ಕೆಲಸ ಮಾಡುವ ಆಪ್ಟೊಮೆಟ್ರಿಸ್ಟ್‌ಗಳನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಲಕ್ಷಗಟ್ಟಲೆ ಬೆಲೆಯ ಮಷಿನ್ ಬೇಡ. ಸ್ಲಿಟ್ ಲ್ಯಾಂಪ್ (ಕಣ್ಣನ್ನು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ), ಕೆರಟೋಮೀಟರ್ (ಕಾರ್ನಿಯಾದ ಬಾಗು ಅಳೆಯುವ ಸಾಧನ), ಫ್ಲೋರೆಸಿನ್ ಪಟ್ಟಿ (ನೀಲಿ ಬೆಳಕಲ್ಲಿ ಹಸಿರಾಗಿ ಹೊಳೆಯುವ ಬಣ್ಣದ ಪಟ್ಟಿ), ಸಲೈನ್, ಒಂದು ಹಳದಿ ಫಿಲ್ಟರ್, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು. ಆದರೆ ಒಂದು ಶಿಸ್ತು ಬೇಕು. ಅಳೆಯುವ ಮೊದಲು ಆ ಕಣ್ಣನ್ನು ಯಾರೂ ಮುಟ್ಟಿರಬಾರದು.

ಮೊದಲು ಕೂರಿಸಿ, ಕೇಳಿ, ಸುಮ್ನೆ ನೋಡಿ

ಬೈಕಿನಲ್ಲಿ ಗಾಳಿಗೆ ಮುಖ ಕೊಟ್ಟು ಬಂದವರನ್ನು ತಕ್ಷಣ ಸ್ಲಿಟ್ ಲ್ಯಾಂಪಿಗೆ ಕೂರಿಸಬೇಡಿ. ಹತ್ತು ಹದಿನೈದು ನಿಮಿಷ ಒಳಗೆ ಕೂತಿರಲಿ. ಆ ಹೊತ್ತಲ್ಲಿ ಪ್ರಶ್ನಾವಳಿ ಮುಗಿಸಿ. ಓಎಸ್‌ಡಿಐನಲ್ಲಿ ಡ್ರೈ ಐ ತೊಂದರೆ ಅಳೆಯುವ 12 ಪ್ರಶ್ನೆಗಳಿವೆ, 100ಕ್ಕೆ 13 ಅಥವಾ ಜಾಸ್ತಿ ಬಂದರೆ ತೊಂದರೆ ಇದೆ ಎಂದು ಲೆಕ್ಕ. ಸಮಯ ಇಲ್ಲದಿದ್ದರೆ ಡಿಇಕ್ಯೂ-5 ಇದೆ, ಐದೇ ಪ್ರಶ್ನೆ, 22ಕ್ಕೆ 6 ಬಂದರೆ ಸಾಕು. ಓದಲು ಬಾರದವರಿಗೆ ನೀವೇ ಓದಿ ಹೇಳಿ, ಆದರೆ ಉತ್ತರವನ್ನು ಅವರ ಬಾಯಿಗೆ ತುರುಕಬೇಡಿ.

ಪ್ರಶ್ನಾವಳಿಯ ಜೊತೆಗೆ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. "ಮಸುಕು ಅನ್ಸಿದಾಗ ರೆಪ್ಪೆ ಬಡದ್ರ ಚಂದ ಕಾಣ್ತೈತೇನ್ರಿ?" ಹೌದು ಅಂದರೆ ಕಿವಿ ನಿಮಿರಬೇಕು. ಕಣ್ಣಿನ ಪೊರೆಯಿಂದ ಬರುವ ಮಸುಕು ರೆಪ್ಪೆ ಬಡಿದರೆ ಹೋಗುವುದಿಲ್ಲ. ಪದರ ಒಡೆದು ಬರುವ ಮಸುಕು ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ.

ಮಾತಾಡುತ್ತಿರುವಾಗಲೇ ನಿಮಿಷಕ್ಕೆ ಎಷ್ಟು ಸಲ ರೆಪ್ಪೆ ಬಡಿಯುತ್ತಾರೆ ಎಂದು ಎಣಿಸಿ. ಎಣಿಸುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗಬಾರದು, ಗೊತ್ತಾದ ಕೂಡಲೇ ಲೆಕ್ಕ ಕೆಡುತ್ತದೆ. ರೆಪ್ಪೆ ಪೂರ್ತಿ ಮುಚ್ಚುತ್ತಾ, ಅರ್ಧಕ್ಕೇ ನಿಲ್ಲುತ್ತಾ ಅನ್ನುವುದನ್ನೂ ನೋಡಿ. ಈ ಸಂಖ್ಯೆ ಆಮೇಲೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನು ಕೇಳಬೇಕಾದ್ದು: ಕೊನೆಯ ಸಲ ಡ್ರಾಪ್ಸ್ ಹಾಕಿದ್ದು ಯಾವಾಗ? ಎರಡು ಗಂಟೆಯೊಳಗೆ ಹಾಕಿದ್ದರೆ ಕಾಯಿರಿ, ಇಲ್ಲವಾದರೆ ಬೇರೆ ದಿನ ಕರೆಯಿರಿ. ಗ್ಲಾಕೋಮಾ ಡ್ರಾಪ್ಸ್ ಆದರೆ ನಿಲ್ಲಿಸಿ ಅಂತ ಮಾತ್ರ ಯಾವತ್ತೂ ಹೇಳಬಾರದು, ಹಾಕಿದ ಹೊತ್ತನ್ನು ಬರೆದರೆ ಸಾಕು. ಅಲರ್ಜಿ ಮಾತ್ರೆ, ಮೊಡವೆಗೆ ಐಸೊಟ್ರೆಟಿನೋಯಿನ್, ಖಿನ್ನತೆಗೆ ಮಾತ್ರೆ, ಇವೆಲ್ಲ ಕೇಸ್ ಶೀಟಿನಲ್ಲಿ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆಸಿ. ಕಾಡಿಗೆ ಹಚ್ಚಿದ್ದಾರಾ ನೋಡಿ. ರೆಪ್ಪೆಯ ಒಳಅಂಚಿಗೆ ಹಚ್ಚಿದ ಕಾಡಿಗೆ ಕಣ್ಣೀರಿಗೆ ಸೇರಿ ಪದರವನ್ನು ಕೆಡಿಸುತ್ತದೆ. ಹಚ್ಚಿದ್ದರೆ ಅಲ್ಲೇ ಒರೆಸಲು ಹೋಗಬೇಡಿ, ಉಜ್ಜಿದ ಕಣ್ಣು ನಮಗೆ ಬೇಡ. ಮುಂದಿನ ಸಲ ಹಚ್ಚದೆ ಬನ್ನಿ ಅನ್ನಿ.

ಕೋಣೆಯ ಫ್ಯಾನ್ ಆಫ್ ಮಾಡಿ. ಏಪ್ರಿಲ್ ತಿಂಗಳಲ್ಲಿ ಇದು ಕಷ್ಟ, ನನಗೂ ಗೊತ್ತು. ಆದರೂ ಆ ಐದು ನಿಮಿಷ ಬೆವರು ಸುರಿದರೂ ಪರವಾಗಿಲ್ಲ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವಾಗ ಅಳೆದ ಸೆಕೆಂಡು ಕಣ್ಣಿನದೋ ಫ್ಯಾನಿನದೋ ಹೇಳಲಾಗದು. ಎಸಿ ಇದ್ದರೆ ಅದರ ಗಾಳಿ ಮುಖಕ್ಕೆ ಬಡಿಯದ ಹಾಗೆ ಕುರ್ಚಿ ಹಾಕಿ.

ಓಪಿಡಿಯ ಸಾಲನ್ನೇ ತಿರುಗಿಸಬೇಕು

ನನ್ನ ಅನುಭವದಲ್ಲಿ ಈ ಪರೀಕ್ಷೆ ಹೆಚ್ಚಾಗಿ ಕೆಡುವುದು ಸ್ಲಿಟ್ ಲ್ಯಾಂಪಿನ ಹತ್ತಿರ ಅಲ್ಲ, ಅದಕ್ಕೂ ಮೊದಲು. ಸಾಮಾನ್ಯವಾಗಿ ಓಪಿಡಿಯಲ್ಲಿ ಏನಾಗುತ್ತದೆ ನೋಡಿ. ಬಂದ ತಕ್ಷಣ ಗಾಳಿ ಊದಿ ಕಣ್ಣಿನ ಒತ್ತಡ ನೋಡುತ್ತಾರೆ. ಆಮೇಲೆ ಯಾರೋ ಪಾಪೆ ದೊಡ್ಡದು ಮಾಡುವ ಡ್ರಾಪ್ಸ್ ಹಾಕುತ್ತಾರೆ. ಅದರ ಮಧ್ಯೆ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಟೋನೋಮೀಟರ್ ತಾಗಿಸುವುದೂ ಆಗಿರುತ್ತದೆ. ಇಷ್ಟೆಲ್ಲ ಆದ ಮೇಲೆ "ಡ್ರೈ ಐ ನೋಡಿ" ಅಂತ ನಿಮ್ಮ ಹತ್ತಿರ ಕಳಿಸುತ್ತಾರೆ. ಅಲ್ಲಿಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಎಷ್ಟೋ ಡ್ರಾಪ್ಸ್‌ಗಳಲ್ಲಿ ಕೆಡದಂತೆ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಸೋಪಿನ ಗುಣದ್ದು. ಅದು ಮೇಲಿನ ಎಣ್ಣೆ ಪದರವನ್ನು ಕೆಡಿಸುತ್ತದೆ. ಮರಗಟ್ಟಿದ ಕಣ್ಣು ರೆಪ್ಪೆ ಬಡಿಯುವುದನ್ನೇ ಕಡಿಮೆ ಮಾಡುತ್ತದೆ.

ಹಾಗಾಗಿ ಚೀಟಿ ಬರೆಯುವ ಕೌಂಟರಿನಲ್ಲೇ ವಿಚಾರಿಸುವ ವ್ಯವಸ್ಥೆ ಮಾಡಿಕೊಳ್ಳಿ. ಉರಿ, ಉಸುಕು, ನೀರು, ಚುಚ್ಚು ಅಂದವರ ಚೀಟಿಯ ಮೇಲೆ "ಡ್ರಾಪ್ಸ್ ಹಾಕಬೇಡಿ" ಎಂದು ದೊಡ್ಡದಾಗಿ ಬರೆಯಲಿ. ಸಿಸ್ಟರ್‌ಗಳಿಗೆ ಒಮ್ಮೆ ಕೂತು ವಿವರಿಸಿ. ಯಾಕೆ ಅಂತ ಹೇಳಿದರೆ ಅವರೇ ಮುಂದೆ ನಿಂತು ನೋಡಿಕೊಳ್ಳುತ್ತಾರೆ.

ಕ್ರಮ ಹೀಗಿರಲಿ: ಪ್ರಶ್ನೆ, ದೃಷ್ಟಿ, ಬಣ್ಣ ಹಾಕದೆ ಅಳೆಯುವುದು, ಬಣ್ಣ ಹಾಕಿ ಅಳೆಯುವುದು, ಬಣ್ಣ ಹಿಡಿದ ಕಲೆ ನೋಡುವುದು, ರೆಪ್ಪೆಯ ಗ್ರಂಥಿ ಒತ್ತಿ ನೋಡುವುದು, ಕೊನೆಗೆ ಶಿರ್ಮರ್. ಕಣ್ಣಿನ ಒತ್ತಡ, ಪಾಪೆ ದೊಡ್ಡದು ಮಾಡುವುದು ಎಲ್ಲ ಇದರ ನಂತರ. ಕಣ್ಣಿಗೆ ಕಡಿಮೆ ತೊಂದರೆ ಕೊಡುವುದು ಮೊದಲು, ಜಾಸ್ತಿ ಕೊಡುವುದು ಕೊನೆಗೆ.

ಬಣ್ಣ ಹಾಕದೆ

ಫ್ಲೋರೆಸಿನ್ ಹಾಕಿದ ಕ್ಷಣವೇ ಪದರ ಬದಲಾಗುತ್ತದೆ, ಅದಕ್ಕೇ ಇದನ್ನು ಮೊದಲು ಮಾಡುವುದು. ಕೆರಾಟೋಗ್ರಾಫ್ ಇದ್ದವರಿಗೆ ಮಷಿನ್ನೇ ಸೆಕೆಂಡ್ ಹೇಳುತ್ತದೆ. ಇಲ್ಲದವರಿಗೆ ಕೈಯಿಂದ ತಿರುಗಿಸುವ ಹಳೆಯ ಕೆರಟೋಮೀಟರ್ ಇದೆ. ಎಷ್ಟೋ ಕಡೆ ಅದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ತೆಗೆದು ಒರೆಸಿ ಇಟ್ಟುಕೊಳ್ಳಿ, ಈ ಕೆಲಸಕ್ಕೆ ಬಹಳ ಒಳ್ಳೆಯದು.

ಅದರಲ್ಲಿ ಕಾಣುವ ಉಂಗುರ, ಅಂದರೆ ಮೈರ್, ಕಣ್ಣೀರಿನ ಪದರದ ಮೇಲೆ ಬಿದ್ದ ಪ್ರತಿಬಿಂಬ. ಪದರ ನಯವಾಗಿದ್ದರೆ ಗೆರೆ ಚೂಪಾಗಿ ಕಾಣುತ್ತದೆ. ಮೈರನ್ನು ಚೆನ್ನಾಗಿ ಫೋಕಸ್ ಮಾಡಿ. ಎರಡು ಮೂರು ಸಲ ಸಹಜವಾಗಿ ರೆಪ್ಪೆ ಬಡಿಯಲು ಹೇಳಿ, ಆಮೇಲೆ ತಡೆದು ಹಿಡಿಯಲು ಹೇಳಿ. ಕೊನೆಯ ಸಲ ರೆಪ್ಪೆ ತೆರೆದ ಕೂಡಲೇ ಸ್ಟಾಪ್‌ವಾಚ್ ಒತ್ತಿ. ಗೆರೆ ಎಲ್ಲಾದರೂ ಡೊಂಕಾದರೆ, ಎರಡಾದರೆ, ಮಸುಕಾದರೆ ನಿಲ್ಲಿಸಿ. ಮೂರು ಸಲ ಮಾಡಿ. ಪ್ರತಿ ಸಲದ ನಡುವೆ ಅವರು ಆರಾಮಾಗಿ ರೆಪ್ಪೆ ಬಡಿದುಕೊಳ್ಳಲಿ.

ಡ್ಯೂಸ್ 2 ಪ್ರಕಾರ ಬಣ್ಣ ಹಾಕದೆ ಅಳೆದಾಗ 10 ಸೆಕೆಂಡಿಗಿಂತ ಕಡಿಮೆ ಬಂದರೆ ಪದರ ಅಸ್ಥಿರ. ಆದರೆ ಕೆರಟೋಮೀಟರ್ ಕಾರ್ನಿಯಾದ ನಡುಭಾಗವನ್ನು, ಸುಮಾರು 3 ಮಿ.ಮೀ. ಅಗಲವನ್ನು ಮಾತ್ರ ನೋಡುತ್ತದೆ. ಪದರ ಕೆಳಗಡೆ ಮೊದಲೇ ಒಡೆದಿದ್ದರೂ ನಿಮಗೆ ಕಾಣದು. ಹಾಗಾಗಿ ಇಲ್ಲಿ ಚೆನ್ನಾಗಿ ಬಂತು ಅಂತ ಬಿಟ್ಟುಬಿಡಬೇಡಿ.

ಆಟೋ ಕೆರಟೋಮೀಟರ್ ಮಾತ್ರ ಇದ್ದರೂ ಒಂದು ಸುಳಿವು ಸಿಗುತ್ತದೆ. ಒಂದೇ ಕಣ್ಣಿಗೆ ಸಾಲಾಗಿ ಕೆ ರೀಡಿಂಗ್, ಅಂದರೆ ಕಾರ್ನಿಯಾದ ಬಾಗಿನ ಅಳತೆ, ತೆಗೆಯಿರಿ. ಸಲ ಸಲಕ್ಕೂ ಸಂಖ್ಯೆ ಅತ್ತಿತ್ತ ಓಡಾಡುತ್ತಿದ್ದರೆ ಪದರದ ಮೇಲೆ ಅನುಮಾನ ಪಡಿ. ಪೊರೆ ಆಪರೇಷನ್ನಿಗೆ ಬಂದವರಲ್ಲಿ ಇದು ತುಂಬ ಮುಖ್ಯ. ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕುವುದೇ ಕೆ ರೀಡಿಂಗ್ ಮೇಲೆ. ಒಡೆದ ಪದರದ ಮೇಲೆ ತೆಗೆದ ರೀಡಿಂಗಿನಿಂದ ತಪ್ಪು ಪವರಿನ ಲೆನ್ಸ್ ಒಳಗೆ ಹೋದರೆ ಆ ಮನುಷ್ಯ ಆಪರೇಷನ್ ಆದ ಮೇಲೂ ಕನ್ನಡಕಕ್ಕೆ ಅಲೆಯಬೇಕಾಗುತ್ತದೆ.

ಸ್ಲಿಟ್ ಲ್ಯಾಂಪಿಗೆ ಬಂದ ಮೇಲೆ, ಬಣ್ಣಕ್ಕೂ ಮೊದಲು, ಕಡಿಮೆ ಬೆಳಕಲ್ಲಿ ಕೆಳರೆಪ್ಪೆಯ ಅಂಚಿನಲ್ಲಿ ನಿಂತ ನೀರಿನ ಗೆರೆಯ ಎತ್ತರ ನೋಡಿಬಿಡಿ. 0.2 ಮಿ.ಮೀ.ಗಿಂತ ಕಡಿಮೆ ಇದ್ದರೆ ನೀರೂ ಕಡಿಮೆ ಇದೆ ಎಂದು ಬರೆಯಿರಿ.

ಬಣ್ಣ ಹಾಕಿ

ಫ್ಲೋರೆಸಿನ್ ಹಾಕಿ ಸೆಕೆಂಡ್ ಎಣಿಸುವ ಪದ್ಧತಿಯನ್ನು ಡೆನ್ಮಾರ್ಕಿನ ಮೊಗೆನ್ಸ್ ನಾರ್ನ್ 1969ರಲ್ಲಿ ಬರೆದಿಟ್ಟರು. ಇವತ್ತಿಗೂ ನಾವು ಟಿಬಿಯುಟಿ (ಪದರ ಒಡೆಯುವವರೆಗಿನ ಸೆಕೆಂಡು) ಅಂತ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಸುಲಭ ಅನ್ನಿಸುತ್ತದೆ, ಅದಕ್ಕೇ ಅವಸರದಲ್ಲಿ ಮಾಡಿ ಕೆಡಿಸುತ್ತಾರೆ.

ಬಣ್ಣದ ಪ್ರಮಾಣವೇ ಇಲ್ಲಿ ಜೀವಾಳ. ಪಟ್ಟಿಯ ತುದಿಗೆ ಪ್ರಿಸರ್ವೇಟಿವ್ ಇಲ್ಲದ ಸಲೈನ್ ಒಂದು ಹನಿ ಹಾಕಿ. ಈಗ ಪಟ್ಟಿಯನ್ನು ಜೋರಾಗಿ ಕೊಡವಿ, ಹೆಚ್ಚಾದ ನೀರೆಲ್ಲ ಉದುರಿ ಹೋಗಲಿ. ಹನಿ ಜೋತಾಡುತ್ತಿರುವ ಪಟ್ಟಿಯನ್ನು ಕಣ್ಣಿಗೆ ತರಬೇಡಿ. ಕಣ್ಣಲ್ಲಿ ಇರುವ ಒಟ್ಟು ನೀರೇ ಕೆಲವು ಮೈಕ್ರೋಲೀಟರ್. ಅದಕ್ಕೆ ದೊಡ್ಡ ಹನಿ ಸೇರಿಸಿದರೆ ನೀವು ಅಳೆಯುವುದು ಅವರ ಕಣ್ಣೀರನ್ನಲ್ಲ, ನಿಮ್ಮ ಸಲೈನನ್ನು. ಬಾಟಲಿಯ ಫ್ಲೋರೆಸಿನ್ ಡ್ರಾಪ್ಸ್ ಬೇಡ ಅನ್ನುವುದೂ ಇದಕ್ಕೇ. ಮರಗಟ್ಟಿಸುವ ಔಷಧಿ ಬೆರೆತ ಫ್ಲೋರೆಸಿನ್ ಅಂತೂ ಬೇಡವೇ ಬೇಡ.

ಮೂಗಿನ ಕಡೆ ನೋಡಲು ಹೇಳಿ, ಕಣ್ಣಿನ ಹೊರಮೂಲೆಯ ಕಡೆ ಬಿಳಿಭಾಗಕ್ಕೆ ಪಟ್ಟಿಯ ಅಂಚನ್ನು ಮೆಲ್ಲಗೆ ತಾಗಿಸಿ ತೆಗೆಯಿರಿ. ಕಾರ್ನಿಯಾಕ್ಕೆ ತಾಗಬಾರದು. ಕೆಲವು ಸಲ ಸಹಜವಾಗಿ ರೆಪ್ಪೆ ಬಡಿದರೆ ಬಣ್ಣ ಹರಡುತ್ತದೆ. ಅಳತೆಯನ್ನು 1ರಿಂದ 3 ನಿಮಿಷದೊಳಗೆ ಮುಗಿಸಿ. ಒಂದು ಕಣ್ಣು ಪೂರ್ತಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಬಣ್ಣ ಹಾಕಿ. ಎರಡಕ್ಕೂ ಒಟ್ಟಿಗೆ ಹಾಕಿದರೆ ಎರಡನೆಯದರ ಸರದಿ ಬರುವಷ್ಟರಲ್ಲಿ ಬಣ್ಣ ತೆಳ್ಳಗಾಗಿರುತ್ತದೆ.

ಸ್ಲಿಟ್ ಲ್ಯಾಂಪ್ 10 ಪಟ್ಟು ದೊಡ್ಡದು ಮಾಡುವಲ್ಲಿ ಇರಲಿ. ಕೋಬಾಲ್ಟ್ ನೀಲಿ ಬೆಳಕು, ಬೀಮ್ ಅಗಲ, ಇಡೀ ಕಾರ್ನಿಯಾ ಒಂದೇ ನೋಟಕ್ಕೆ ಕಾಣಬೇಕು. ನೀವು ನೋಡುವ ಕಡೆ ಹಳದಿ ಫಿಲ್ಟರ್ ಹಾಕಿ. ರಾಟನ್ 12 ಅನ್ನುವ ಫಿಲ್ಟರ್ ಈ ಕೆಲಸಕ್ಕೆ ಹೆಸರಾದದ್ದು. ಹಾಕಿ ನೋಡಿ, ತೆಗೆದು ನೋಡಿ, ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಬೆಳಕು ಕಣ್ಣಿಗೆ ಕುಕ್ಕಬಾರದು, ಕುಕ್ಕಿದರೆ ನೀರು ಬರುತ್ತದೆ.

ಇನ್ನು ಹೇಳುವ ಮಾತು. ನಾನು ಹೇಳುವುದು ಹೀಗೆ: "ಅಕ್ಕಾ, ಸಾವಕಾಶ ಮೂರು ಸಲ ರೆಪ್ಪೆ ಬಡೀರಿ. ಈಗ ಎದುರಿಗೆ ನೋಡ್ರಿ. ನಾ ಸಾಕು ಅನ್ನೋ ತನಕ ಬಡೀಬ್ಯಾಡ್ರಿ. ಕಣ್ಣು ಅಗಲ ಮಾಡಬ್ಯಾಡ್ರಿ, ದಿನಾ ಹೆಂಗ ಇರ್ತಾವೋ ಹಂಗ ಇರ್ಲಿ." ಕೊನೆಯ ಮಾತನ್ನು ಬಿಡಬೇಡಿ. ಬಡಿಯಬೇಡಿ ಅಂದ ಕೂಡಲೇ ಜನ ಗಾಬರಿಯಿಂದ ಕಣ್ಣರಳಿಸುತ್ತಾರೆ. ಕಣ್ಣು ಅಗಲವಾದಷ್ಟೂ ಗಾಳಿಗೆ ತೆರೆದ ಜಾಗ ಜಾಸ್ತಿ, ಪದರ ಬೇಗ ಒಡೆಯುತ್ತದೆ. ಗಟ್ಟಿಯಾಗಿ ಹಿಂಡಿ ರೆಪ್ಪೆ ಬಡಿದರೆ ಗ್ರಂಥಿಯ ಎಣ್ಣೆ ಹೊರಬಂದು ಪದರ ಜಾಸ್ತಿ ಹೊತ್ತು ನಿಲ್ಲುತ್ತದೆ. ಎರಡೂ ಸುಳ್ಳು ಲೆಕ್ಕ. ನಿಮ್ಮ ಬೆರಳಿನಿಂದ ರೆಪ್ಪೆ ಹಿಡಿಯುವುದೂ ಬೇಡ.

ಕೊನೆಯ ಸಲ ರೆಪ್ಪೆ ತೆರೆದಾಗ ಶುರು. ಹಸಿರು ಹೊಳಪಿನ ಮಧ್ಯೆ ಮೊದಲ ಕಪ್ಪು ಚುಕ್ಕೆ ಅಥವಾ ಗೆರೆ ಕಂಡಾಗ ನಿಲ್ಲಿಸಿ. ಒರೆಸಿದ ನೆಲ ಅಲ್ಲಲ್ಲಿ ಆರುತ್ತಾ ಬರುವ ಹಾಗೆ ಕಾಣುತ್ತದೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಒಡೆಯುವ ಮೊದಲೇ ಅವರು ರೆಪ್ಪೆ ಬಡಿದುಬಿಟ್ಟರೆ ಆ ಸೆಕೆಂಡನ್ನು ಟಿಬಿಯುಟಿ ಅಂತ ಬರೆಯಬೇಡಿ, "8ಕ್ಕಿಂತ ಜಾಸ್ತಿ, ರೆಪ್ಪೆ ಬಡಿದರು" ಎಂದು ಬರೆಯಿರಿ. ಕೈಗೆ ಪಳಗುವವರೆಗೆ ಐಪೀಸಿಗೆ ಮೊಬೈಲ್ ಹಿಡಿದು ವಿಡಿಯೋ ತೆಗೆದುಕೊಳ್ಳಿ. ಆಮೇಲೆ ನಿಧಾನವಾಗಿ ಓಡಿಸಿ ನೋಡಿದರೆ ನಿಮ್ಮ ಬೆರಳು ಎಷ್ಟು ತಡವಾಗಿ ಒತ್ತುತ್ತಿದೆ ಅಂತ ತಿಳಿಯುತ್ತದೆ.

ಒಂದು ಎಚ್ಚರಿಕೆ. ಕಪ್ಪು ಚುಕ್ಕೆ ಪ್ರತಿ ಸಲವೂ ಅದೇ ಜಾಗದಲ್ಲಿ, ರೆಪ್ಪೆ ತೆರೆದ ತಕ್ಷಣ ಬರುತ್ತಿದ್ದರೆ ಅಲ್ಲಿ ಕಾರ್ನಿಯಾದ ಮೇಲ್ಮೈಯೇ ಉಬ್ಬಿರಬಹುದು. ಬಿಳಿ ಬೆಳಕಿನಲ್ಲಿ ಆ ಜಾಗವನ್ನು ಮತ್ತೆ ನೋಡಿ. ಅದನ್ನು ಸೆಕೆಂಡಿನ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಬರೆಯಿರಿ.

ಹೇಗೆ ಒಡೆಯಿತು ಅನ್ನುವುದನ್ನೂ ಬರೆಯಿರಿ

ಸೆಕೆಂಡು ಬರೆದು ಪುಟ ಮುಚ್ಚುವವರೇ ಜಾಸ್ತಿ. ಕ್ಯೋಟೊದ ನೋರಿಹಿಕೊ ಯೋಕೋಯ್ ಮತ್ತು ಅವರ ಜೊತೆಯವರು ಒಡೆಯುವ ಆಕಾರವನ್ನು ನೋಡಲು ಕಲಿಸಿದರು. ರೆಪ್ಪೆ ತೆರೆದ ಕೂಡಲೇ ದುಂಡು ಚುಕ್ಕೆಗಳು ಕಂಡರೆ ಕಾರ್ನಿಯಾದ ಮೇಲ್ಮೈ ನೀರನ್ನು ಹಿಡಿದುಕೊಳ್ಳುತ್ತಿಲ್ಲ, ಅಲ್ಲಿಯ ಲೋಳೆ, ಅಂದರೆ ಮ್ಯೂಸಿನ್‌ನಲ್ಲಿ ತೊಂದರೆ ಎಂದು ಅರ್ಥ. ಕೆಳಭಾಗದಲ್ಲಿ ಉದ್ದುದ್ದ ಗೆರೆಗಳು ಬಂದರೆ ನೀರೇ ಕಡಿಮೆ. ಬಣ್ಣ ಹರಡದೆ ದೊಡ್ಡ ಜಾಗ ಕಪ್ಪಾಗಿಯೇ ಉಳಿದರೆ ನೀರು ತೀರಾ ಕಡಿಮೆ. ಪದರ ಚೆನ್ನಾಗಿ ಹರಡಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಎಲ್ಲೆಂದರಲ್ಲಿ ಒಡೆದರೆ ನೀರು ಆವಿಯಾಗುತ್ತಿದೆ, ಎಣ್ಣೆಯ ಕಡೆ ನೋಡಬೇಕು. ನಾನು ಕೇಸ್ ಶೀಟಿನಲ್ಲಿ ಪುಟ್ಟ ವೃತ್ತ ಬರೆದು ಕಪ್ಪಾದ ಜಾಗವನ್ನು ಗೀಚಿಡುತ್ತೇನೆ. ಡಾಕ್ಟರಿಗೆ ಔಷಧಿ ಆರಿಸಲು ಆ ಚಿತ್ರ ಸಂಖ್ಯೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸೆಕೆಂಡ್ ಮುಗಿದ ಮೇಲೆ ಅದೇ ಬಣ್ಣದಲ್ಲಿ ಕಾರ್ನಿಯಾದ ಮೇಲೆ ಹಿಡಿದ ಕಲೆಗಳನ್ನು ಎಣಿಸಿ. ಐದಕ್ಕಿಂತ ಜಾಸ್ತಿ ಇದ್ದರೆ ಮೇಲ್ಮೈಗೆ ಪೆಟ್ಟಾಗಿದೆ. ಆಮೇಲೆ ಕೆಳರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿ, ರೆಪ್ಪೆಯ ಎಣ್ಣೆ ಗ್ರಂಥಿಗಳಾದ ಮೈಬೋಮಿಯನ್ ಗ್ರಂಥಿಗಳಿಂದ ತಿಳಿ ಎಣ್ಣೆ ಬರುತ್ತಾ, ಪೇಸ್ಟಿನಂಥದ್ದು ಬರುತ್ತಾ, ಏನೂ ಬರುವುದಿಲ್ಲವಾ ಎಂದು ನೋಡಿ. ಶಿರ್ಮರ್ ಕೊನೆಗೆ: 5 ನಿಮಿಷಕ್ಕೆ 5 ಮಿ.ಮೀ. ಅಥವಾ ಕಡಿಮೆ ಒದ್ದೆಯಾದರೆ ನೀರಿನ ಕೊರತೆ. ಫ್ಲೋರೆಸಿನ್ ಮೆತ್ತನೆಯ ಲೆನ್ಸಿಗೆ ಬಣ್ಣ ಹಿಡಿಸುತ್ತದೆ, ಲೆನ್ಸಿನವರಿಗೆ ಕಣ್ಣು ತೊಳೆದು, ಬಣ್ಣ ಪೂರ್ತಿ ಹೋದ ಮೇಲೆಯೇ ಹಾಕಿಕೊಳ್ಳಲು ಹೇಳಿ.

ಬರೆಯುವಾಗ ಸರಾಸರಿ ಮಾತ್ರ ಬರೆಯಬೇಡಿ. "ಬಲ 4, 5, 4, ಎಡ 7, 6, 8, ಪಟ್ಟಿ, ಬೆಳಿಗ್ಗೆ 11, ಫ್ಯಾನ್ ಆಫ್" ಹೀಗೆ ಇರಲಿ. ಈ ಪರೀಕ್ಷೆ ಒಂದೇ ಮನುಷ್ಯನಲ್ಲೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಔಷಧಿಯಿಂದ ಗುಣ ಕಂಡಿದೆಯಾ ಎಂದು ತಿಳಿಯಬೇಕಾದರೆ ಮುಂದಿನ ಸಲವೂ ಅದೇ ಪದ್ಧತಿ, ಹೆಚ್ಚುಕಡಿಮೆ ಅದೇ ಹೊತ್ತು ಇರಬೇಕು. ಬಣ್ಣ ಹಾಕದೆ ಬಂದ 9ನ್ನು ಬಣ್ಣ ಹಾಕಿ ಬಂದ 5ರ ಜೊತೆ ಹೋಲಿಸಬಾರದು.

ರೆಪ್ಪೆಯ ಲೆಕ್ಕಕ್ಕೆ ಈಗ ಬರೋಣ

ಮೊದಲು ಎಣಿಸಿಟ್ಟ ಸಂಖ್ಯೆ ಇದೆಯಲ್ಲ, 60ನ್ನು ಅದರಿಂದ ಭಾಗಿಸಿ. ಎರಡು ಸಲ ರೆಪ್ಪೆ ಬಡಿಯುವುದರ ನಡುವಿನ ಸೆಕೆಂಡು ಸಿಗುತ್ತದೆ. ಟಿಬಿಯುಟಿ ಅದಕ್ಕಿಂತ ಕಡಿಮೆ ಇದ್ದರೆ ಪ್ರತಿ ಸಲವೂ ಕಾರ್ನಿಯಾ ಸ್ವಲ್ಪ ಹೊತ್ತು ಬರಿದಾಗಿರುತ್ತದೆ.

1993ರಲ್ಲಿ ಜಪಾನಿನ ತ್ಸುಬೋಟ ಮತ್ತು ನಕಮೋರಿ ಇದನ್ನು ಎಣಿಸಿದ್ದರು. ಆರಾಮಾಗಿದ್ದಾಗ ನಿಮಿಷಕ್ಕೆ 22 ಸಲ, ಪುಸ್ತಕ ಓದುವಾಗ 10, ಕಂಪ್ಯೂಟರ್ ಪರದೆ ನೋಡುವಾಗ 7. ಏಳು ಅಂದರೆ ಸುಮಾರು ಎಂಟೂವರೆ ಸೆಕೆಂಡಿಗೆ ಒಂದು ಸಲ. ಟಿಬಿಯುಟಿ 5 ಇರುವವರು ಪರದೆ ನೋಡುತ್ತಾ ಕೂತರೆ ಪ್ರತಿ ಸಲ ಮೂರೂವರೆ ಸೆಕೆಂಡ್ ಕಣ್ಣು ಬರಿದಾಗಿರುತ್ತದೆ. ಅದೇ ಮನುಷ್ಯ ಕಟ್ಟೆಯ ಮೇಲೆ ಕೂತು ಹರಟುವಾಗ ತೊಂದರೆ ಇರುವುದಿಲ್ಲ. ನಮ್ಮ ಕಡೆ ಸೂಜಿಯ ಮೇಲೆ ಕಣ್ಣಿಟ್ಟು ಕೂರುವ ಟೈಲರ್‌ಗಳಿಗೆ, ಬ್ಯಾಂಕಿನ ಕೌಂಟರಿನವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದೇ ತೋರಿಸುತ್ತೇನೆ. ರೆಪ್ಪೆ ಪೂರ್ತಿ ಮುಚ್ಚಿ ಬಡಿಯಿರಿ ಅನ್ನುವ ಸಲಹೆ ಆಗ ಅವರಿಗೆ ನಾಟುತ್ತದೆ.

ಸಂಖ್ಯೆಯೂ ತೊಂದರೆಯೂ ಹೊಂದದ ಜನ ಸಿಗುತ್ತಾರೆ. ಟಿಬಿಯುಟಿ 3 ಇದ್ದರೂ ಏನೂ ಉರಿ ಇಲ್ಲ ಅನ್ನುವವರಲ್ಲಿ ಕಾರ್ನಿಯಾದ ಸ್ಪರ್ಶವೇ ಕಡಿಮೆಯಾಗಿರಬಹುದು. ತುಂಬ ವರ್ಷದ ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ನೆನಪಿಡಿ. ಬಣ್ಣ ಹಾಕುವ ಮುನ್ನ ಹತ್ತಿಯ ಎಳೆಯಿಂದ ಮುಟ್ಟಿ ನೋಡಲು ಹೋಗಬೇಡಿ, ಅದನ್ನು ಮತ್ತೊಂದು ದಿನ ಮಾಡಿ.

ಇಷ್ಟೆಲ್ಲ ನೀವೇ ಮಾಡಬಹುದು. ಕೆಲವರನ್ನು ಮಾತ್ರ ಕಾಯಿಸದೆ ಡಾಕ್ಟರ ಹತ್ತಿರ ಕಳಿಸಿ. ಬಾಯಿಯೂ ಒಣಗುತ್ತೆ, ಕೀಲುಗಳೂ ನೋಯುತ್ತವೆ ಅನ್ನುವವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಎರಗುವ ಷೋಗ್ರೆನ್ಸ್ ಕಾಯಿಲೆ ಇದೆಯಾ ನೋಡಬೇಕು. ಮಾತ್ರೆ ತಗೊಂಡು ಮೈಯೆಲ್ಲ ಬೊಬ್ಬೆ ಬಂದಿತ್ತು, ಅಂದಿನಿಂದ ಕಣ್ಣು ಹೀಗಿದೆ ಅಂದರೆ ಔಷಧಿಗೆ ದೇಹ ತೀವ್ರವಾಗಿ ತಿರುಗಿಬೀಳುವ ಸ್ಟೀವನ್ಸ್ ಜಾನ್ಸನ್ ಕಾಯಿಲೆ ಇರಬಹುದು. ಮಗುವಿನ ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಕಂಡು, ಸಂಜೆ ಹೊತ್ತು ತಡವರಿಸುತ್ತೆ ಎಂದು ತಾಯಿ ಹೇಳಿದರೆ ಅದು ಎ ವಿಟಮಿನ್ ಕೊರತೆ, ಸೆಕೆಂಡ್ ಎಣಿಸುತ್ತಾ ಕೂರುವ ಕೇಸ್ ಅಲ್ಲ. ಅಂಥ ಮಗುವನ್ನು ಅವತ್ತೇ ಕಳಿಸಿ, ತಲುಪಿತಾ ಎಂದು ಸಂಜೆ ಫೋನ್ ಮಾಡಿ ಕೇಳಿ.